ಬೆಲ್ಲದ ಕಾಫಿ ಕುಡಿದರೂ ಶುಗರ್ ಏರಲಿಲ್ಲ, ಯಾಕೆ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ನನಗೆ 61 ವರ್ಷ. ಶುಗರ್‌ಗೆ ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಸೇರಿದ ಮಾತ್ರೆ, ಬಿಪಿಗೆ ಮೆಟೊಪ್ರೊಲಾಲ್ ತಗೊಳ್ತೀನಿ. ಕೊಯ್ಲಿನ ದಿನ ಊಟ ತಡವಾಗಿ ಶುಗರ್ 56ಕ್ಕೆ ಇಳಿಯಿತು. ಬೆವರಿದೆ ಅಷ್ಟೆ, ಮೊದಲಿನ ಹಾಗೆ ಕೈ ನಡುಗಲಿಲ್ಲ. ಬೆಲ್ಲದ ಕಾಫಿ ಕುಡಿದು ಅರ್ಧ ಗಂಟೆಯಾದರೂ ಸರಿಹೋಗಲಿಲ್ಲ. ಮಾತ್ರೆ ಕಾರಣವಾ?

ಉತ್ತರ: ಹೌದು. ಮೆಟ್‌ಫಾರ್ಮಿನ್ ಪಾಪದ್ದು, ಒಂದೇ ಇದ್ದರೆ ಶುಗರನ್ನು ಇಷ್ಟು ಇಳಿಸುವುದು ಅಪರೂಪ. ಉಳಿದ ಮೂರೂ ಸೇರಿ ನಿಮ್ಮನ್ನು ಸತಾಯಿಸಿವೆ.

ಸಾಮಾನ್ಯವಾಗಿ ಸಕ್ಕರೆ ಇಳಿಯತೊಡಗಿದರೆ ದೇಹ ಮೊದಲು ಸಕ್ಕರೆ ಇಳಿಸುವ ಇನ್ಸುಲಿನ್ ತಗ್ಗಿಸುತ್ತದೆ. ಆಮೇಲೆ ಗ್ಲುಕಗಾನ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಬಂದು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಗ್ಲಿಮಿಪಿರೈಡ್ ಮೊದಲ ಹೆಜ್ಜೆಗೇ ಅಡ್ಡ. ನೀವು ಉಂಡಿರೋ ಇಲ್ಲವೋ ಅದಕ್ಕೆ ಬೇಕಿಲ್ಲ, ಇನ್ಸುಲಿನ್ ಬರುತ್ತಲೇ ಇರುತ್ತದೆ.

ಕೈ ನಡುಕ, ಎದೆ ಡವಡವ ಅಡ್ರಿನಲಿನ್ ಕೊಡುವ ಸೂಚನೆ. ಮೆಟೊಪ್ರೊಲಾಲ್ ಅದನ್ನೇ ಮಂಕು ಮಾಡುತ್ತದೆ. ಬೆವರಿನ ದಾರಿ ಬೇರೆ, ಅದಕ್ಕೇ ಅದೊಂದು ಉಳಿಯಿತು. ಜನವರಿ ಚಳಿಯಲ್ಲಿ, ಮರದ ನೆರಳಲ್ಲಿ ನಿಂತೂ ಸುಮ್ನೆ ಬೆವರಿದರೆ ತಕ್ಷಣ ಶುಗರ್ ನೋಡಿ. ಪದೇ ಪದೇ ಶುಗರ್ ಇಳಿಯುತ್ತಿದ್ದರೂ ಸೂಚನೆಗಳು ಮಂಕಾಗುತ್ತವೆ.

ಇನ್ನು ಬೆಲ್ಲದ ಕಾಫಿ. ನಮ್ಮ ಕೊಡಗಲ್ಲಿ ಸುಸ್ತು ಅಂದರೆ ಅದೇ ಮದ್ದು, ಅಲ್ವಾ? ಆದರೆ ಬೆಲ್ಲದಲ್ಲಿ ಇರೋದು ಜಾಸ್ತಿ ಸುಕ್ರೋಸ್ ಅನ್ನೋ ಸಕ್ಕರೆ. ಕರುಳು ಅದನ್ನು ಒಡೆದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ವೋಗ್ಲಿಬೋಸ್ ಕೆಲಸವೇ ಆ ಒಡೆಯುವುದನ್ನು ನಿಧಾನ ಮಾಡುವುದು! ಸಕ್ಕರೆ, ಮಿಠಾಯಿ ಕಥೆಯೂ ಅಷ್ಟೆ. ಗ್ಲೂಕೋಸ್ ಪುಡಿಯನ್ನು ಒಡೆಯಬೇಕಾಗಿಲ್ಲ. 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷದ ಮೇಲೂ 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ. ಪುಡಿ ಸಿಗದಿದ್ದರೆ ಜೇನು ಬೆಲ್ಲಕ್ಕಿಂತ ವಾಸಿ, ಅದರಲ್ಲಿ ಒಂದಷ್ಟು ಗ್ಲೂಕೋಸ್ ಹಾಗೇ ಇರುತ್ತದೆ.

ಏರಿತು ಅಂತ ಮತ್ತೆ ಕೊಯ್ಲಿಗೆ ಹೋಗಬೇಡಿ. ಗ್ಲಿಮಿಪಿರೈಡ್ ಪ್ರಭಾವ ಇಡೀ ದಿನ ಇರುತ್ತದೆ, ಊಟ ಮಾಡದಿದ್ದರೆ ಮತ್ತೆ ಇಳಿಯಬಹುದು. ಮೆಟೊಪ್ರೊಲಾಲನ್ನು ನೀವಾಗಿ ನಿಲ್ಲಿಸಬೇಡಿ, ಅದು ಹೃದಯಕ್ಕೆ ಅಪಾಯ. ಈ 56ರ ವಿಷಯ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸುವುದೋ ಡೋಸ್ ಇಳಿಸುವುದೋ ಅವರು ನೋಡುತ್ತಾರೆ. ತೋಟದಲ್ಲಿ ಜೊತೆಗಿರುವವರಿಗೂ ಹೇಳಿಡಿ: ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಸುರಿಯಬಾರದು, ಜೀಪಿಗೆ ಹತ್ತಿಸಿ ನೇರ ಆಸ್ಪತ್ರೆಗೆ.