ದೂರದ ದಾಂಪತ್ಯ: ಹಳೆಯ ಪತ್ರಗಳಲ್ಲಿ ಏನು ಹುಡುಕಬೇಕು?

ಚರಿತ್ರೆಯ ಓದಿನಲ್ಲಿ ಗಂಡ-ಹೆಂಡತಿಯ ಪತ್ರಗಳು ಎದುರಾದರೆ ನಾವು ಮೊದಲು ಪ್ರೀತಿಯ ಸಾಲುಗಳನ್ನೇ ಹುಡುಕುತ್ತೇವೆ. ಆದರೆ ವರ್ಷಗಟ್ಟಲೆ ದೂರ ಇದ್ದೂ ಉಳಿದುಕೊಂಡ ಜೋಡಿಗಳ ಪತ್ರಗಳಲ್ಲಿ ಹಣ, ಕಾಯಿಲೆ, ಮಕ್ಕಳ ಓದು, ಆಳುಗಳ ಕೂಲಿ, ಸಾಲ ಇವೇ ಜಾಸ್ತಿ. ಸಂಬಂಧ ಎಷ್ಟು ಗಟ್ಟಿಯಿತ್ತು ಅನ್ನುವುದು ಆ ಲೆಕ್ಕದ ಸಾಲುಗಳಲ್ಲೇ ಗೊತ್ತಾಗುತ್ತದೆ ಅನ್ನುವುದು ನನ್ನ ವಾದ. ಮನೆಯಲ್ಲಿ ಉಳಿದವರ ಕೈಯಲ್ಲಿ ಎಷ್ಟು ಕಾರುಬಾರು ಇತ್ತು? ಅವರ ಮಾತಿಗೆ ಎಷ್ಟು ಬೆಲೆ ಇತ್ತು? ಪರೀಕ್ಷೆಯ ಉತ್ತರಕ್ಕಾಗಿ ಓದುವಾಗ ಇದನ್ನು ಗಮನಿಸಿ.

ಮಂಗಳೂರು, ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬೈ ಹೋಟೆಲಿಗೆ ಹೋದವರು, ಹಡಗಿನ ಕೆಲಸದವರು, ಗಲ್ಫಿನವರು, ಪತ್ತನಾಜೆಯವರೆಗೆ ಮೇಳದ ತಿರುಗಾಟದಲ್ಲಿರುವ ಯಕ್ಷಗಾನದವರು, ಹೀಗೆ ಯಾರಾದರೂ ಒಬ್ಬರು ಹೊರಗೆ ಇರುವ ಮನೆಗಳು ನಮ್ಮಲ್ಲಿ ಬೇಕಷ್ಟು. ನಮ್ಮ ವಠಾರದ ಅಕ್ಕನೊಬ್ಬರ ಗಂಡ ಕುವೈತ್‌ನಲ್ಲಿದ್ದಾರೆ. ದಿನಾ ವೀಡಿಯೊ ಕಾಲ್ ಮಾಡ್ತೀರಲ್ಲ, ಏನು ಮಾತಾಡ್ತೀರಿ ಅಂತ ಒಮ್ಮೆ ಕೇಳಿದೆ. "ಎಂತ ಮಾತಾಡ್ಲಿಕ್ಕೆ ಉಂಟು ಮಾರಾಯ್ತಿ? ಬಾವಿಯ ಪಂಪು ಹಾಳಾಗಿದೆ, ಸೊಸೈಟಿಯ ಕಂತು ಕಟ್ಟಿಯಾಯ್ತು, ಮಗನಿಗೆ ಜ್ವರ. ಅಷ್ಟೇ" ಅಂದರು. ಈ ಮಾತು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಅಬಿಗೇಲ್ ಮತ್ತು ಜಾನ್ ಆಡಮ್ಸ್

ಈ ವಿಷಯಕ್ಕೆ ಇವರಷ್ಟು ದಾಖಲೆ ಬಿಟ್ಟುಹೋದ ಜೋಡಿ ಕಡಿಮೆ. ಸಾವಿರದ ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಮದುವೆ 1764ರಲ್ಲಿ. 1774ರಿಂದ ಜಾನ್ ಫಿಲಡೆಲ್ಫಿಯಾದಲ್ಲಿ, ಅಮೆರಿಕದ ವಸಾಹತುಗಳು ಬ್ರಿಟನ್ ವಿರುದ್ಧ ಸೇರಿಸಿದ ಕಾಂಗ್ರೆಸ್ಸಿನ ಕೆಲಸದಲ್ಲಿ. ಅಬಿಗೇಲ್ ಬಾಸ್ಟನ್ ಹತ್ತಿರದ ಬ್ರೈನ್‌ಟ್ರೀ ಊರಿನ ಜಮೀನಿನಲ್ಲಿ, ನಾಲ್ಕು ಮಕ್ಕಳೊಂದಿಗೆ. 1778ರಲ್ಲಿ ಜಾನ್ ಕಾಂಗ್ರೆಸ್ಸಿನ ರಾಯಭಾರಿಯಾಗಿ ಫ್ರಾನ್ಸಿಗೆ ಹೋದರು. ನಡುವೆ 1779ರಲ್ಲಿ ಸುಮಾರು ಮೂರು ತಿಂಗಳು ಮನೆಯಲ್ಲಿದ್ದದ್ದು ಬಿಟ್ಟರೆ, 1784ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮತ್ತೆ ಸೇರುವವರೆಗೂ ಇಬ್ಬರೂ ಒಟ್ಟಿಗೆ ಇರಲಿಲ್ಲ.

1776ರ ಬೇಸಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುತ್ತಮುತ್ತ ಸಿಡುಬು ಹಬ್ಬಿತ್ತು. ಆಗ ಇದ್ದ ಉಪಾಯವೆಂದರೆ ಸಿಡುಬಿನ ಗುಳ್ಳೆಯ ರಸವನ್ನೇ ಚರ್ಮಕ್ಕೆ ಚುಚ್ಚಿ ಹಗುರವಾಗಿ ಕಾಯಿಲೆ ಬರಿಸುವುದು. ಅದರಲ್ಲೂ ಸಾಯುವವರಿದ್ದರು. ಜುಲೈನಲ್ಲಿ ಅಬಿಗೇಲ್ ನಾಲ್ಕೂ ಮಕ್ಕಳನ್ನು ಕರೆದುಕೊಂಡು ಬಾಸ್ಟನ್ನಿಗೆ ಹೋಗಿ ಚುಚ್ಚಿಸಿಕೊಂಡರು, ಮಕ್ಕಳಿಗೂ ಚುಚ್ಚಿಸಿದರು. ಗಂಡನನ್ನು ಕೇಳಿ, ಉತ್ತರ ಬರುವವರೆಗೆ ಕಾಯುವ ಕಾಲ ಅದಲ್ಲ. ಜುಲೈ 18ರಂದು ಬಾಸ್ಟನ್ನಿನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಜನರೆದುರು ಓದಿದಾಗ ಅಬಿಗೇಲ್ ಆ ಗುಂಪಿನಲ್ಲೇ ಇದ್ದರು. ಘೋಷಣೆಗಾಗಿ ಫಿಲಡೆಲ್ಫಿಯಾದಲ್ಲಿ ಹಗಲು ರಾತ್ರಿ ವಾದ ಮಾಡಿದ್ದ ಗಂಡ ಅಲ್ಲಿರಲಿಲ್ಲ. ಮುಂದೆ ದೇಶದ ಆರನೇ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಅಂದು ಚುಚ್ಚಿಸಿಕೊಂಡ ಮಕ್ಕಳಲ್ಲಿ ಒಬ್ಬ.

ದುಡ್ಡಿನ ವಿಷಯ ಇನ್ನೂ ಸ್ವಾರಸ್ಯ. ಯುದ್ಧದಿಂದ ಅಮೆರಿಕದಲ್ಲಿ ಸಾಮಾನು ಸಿಗುತ್ತಿರಲಿಲ್ಲ. ಜಾನ್ ಯುರೋಪಿನಿಂದ ಕರವಸ್ತ್ರ, ರಿಬ್ಬನ್, ಗುಂಡುಸೂಜಿ ಕಳಿಸುತ್ತಿದ್ದರು. ಅಬಿಗೇಲ್ ಅವನ್ನು ಮಾರಿ ಮನೆ ನಡೆಸಿದರು. ಉಳಿದ ಹಣ ಎಲ್ಲಿ ಹಾಕುವುದು ಅನ್ನುವುದರಲ್ಲಿ ಇಬ್ಬರಿಗೂ ತಕರಾರು. ಜಾನ್‌ಗೆ ಜಮೀನಿನ ಹುಚ್ಚು, ಅಬಿಗೇಲ್‌ಗೆ ಸರ್ಕಾರಿ ಸಾಲಪತ್ರಗಳೇ ಲಾಭ ಅನ್ನುವ ಲೆಕ್ಕಾಚಾರ. ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿನ ಆಸ್ತಿ ಗಂಡನದ್ದೇ. ಆದರೂ ಅಬಿಗೇಲ್ ಒಂದಿಷ್ಟು ಹಣವನ್ನು ತನ್ನದು ಅಂತಲೇ ಬೇರೆ ಇಟ್ಟಿದ್ದರು.

ಎಲ್ಲಾ ಒಪ್ಪಿಗೆಯಲ್ಲೇ ನಡೆಯಿತು ಅಂದುಕೊಳ್ಳಬೇಡಿ. 1776ರ ಮಾರ್ಚ್ 31ರ ಪತ್ರದಲ್ಲಿ, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಅಂತ ಅಬಿಗೇಲ್ ಬರೆದರು. ಜಾನ್ ಅದನ್ನು ನಗೆಯಲ್ಲಿ ತೇಲಿಸಿದರು. ಈ ಪತ್ರವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಜಾನ್ ಕೊಟ್ಟ ಉತ್ತರವನ್ನು ಹೇಳುವವರು ಕಡಿಮೆ. ಇನ್ನೊಂದು ತಕರಾರು ಪತ್ರಗಳ ಬಗ್ಗೆಯೇ. ಯುರೋಪಿನಿಂದ ಬರುವ ಪತ್ರ ಚಿಕ್ಕದು, ಒಣಕಲು ಅಂತ ಅಬಿಗೇಲ್‌ಗೆ ಬೇಜಾರು. ಅದಕ್ಕೂ ಕಾರಣ ಇತ್ತು. 1775ರಲ್ಲಿ ಜಾನ್ ಹೆಂಡತಿಗೆ ಮತ್ತು ಒಬ್ಬ ಗೆಳೆಯನಿಗೆ ಬರೆದ ಪತ್ರಗಳು ಬ್ರಿಟಿಷರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಒಮ್ಮೆ ಹಾಗಾದ ಮೇಲೆ ಯಾರಾದರೂ ಮನಸ್ಸು ಬಿಚ್ಚಿ ಬರೆಯುತ್ತಾರಾ? ಹಾಗಾಗಿ ಒಣ ಪತ್ರ ಅಂದರೆ ಒಣ ಮನಸ್ಸು ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ.

ಎಲಿಜಬೆತ್ ಮತ್ತು ಜೇಮ್ಸ್ ಕುಕ್

ಜೇಮ್ಸ್ ಕುಕ್ ಪೆಸಿಫಿಕ್ ಸಾಗರದಲ್ಲಿ ಯಾನ ಮಾಡಿದ ಇಂಗ್ಲಿಷ್ ನಾವಿಕ. ಇಲ್ಲಿ ಪತ್ರಗಳೇ ಇಲ್ಲ. ಎಲಿಜಬೆತ್ ಅವನ್ನು ಸುಟ್ಟುಹಾಕಿದರು. 1762ರ ಡಿಸೆಂಬರ್‌ನಲ್ಲಿ ಮದುವೆ, 1779ರ ಫೆಬ್ರವರಿ 14ರಂದು ಹವಾಯಿಯಲ್ಲಿ ಕುಕ್ ಕೊಲೆ. ಈ ಹದಿನಾರು ಚಿಲ್ಲರೆ ವರ್ಷಗಳಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಎಲ್ಲಾ ಸೇರಿ ಸುಮಾರು ನಾಲ್ಕು ವರ್ಷ. ಸಾವಿನ ಸುದ್ದಿ ಲಂಡನ್ ತಲುಪಿದ್ದು 1780ರ ಜನವರಿಯಲ್ಲಿ. ಅಂದರೆ ಹತ್ತು ತಿಂಗಳಿಗೂ ಹೆಚ್ಚು ಕಾಲ ಆಕೆ ಇಲ್ಲದ ಗಂಡನಿಗಾಗಿ ಕಾದಿದ್ದರು. ಕುಕ್ ಹಿಂದಿನ ಯಾನದಿಂದ ತಂದಿದ್ದ ಟಹೀಟಿಯ ಮರದ ತೊಗಟೆಯ ಬಟ್ಟೆಯಲ್ಲಿ ಆಕೆ ಗಂಡನಿಗೆ ಒಂದು ವೇಸ್ಟ್‌ಕೋಟ್ ಕಸೂತಿ ಹಾಕುತ್ತಿದ್ದರು. ಅದು ಮುಗಿಯಲೇ ಇಲ್ಲ. ಅರ್ಧ ಹೊಲಿದ ಆ ಬಟ್ಟೆ ಇವತ್ತು ಸಿಡ್ನಿಯ ಗ್ರಂಥಾಲಯದಲ್ಲಿದೆ. ಆಮೇಲೆ ಎಲಿಜಬೆತ್ ಇನ್ನೂ ಐವತ್ತು ವರ್ಷಕ್ಕಿಂತ ಹೆಚ್ಚು ಬದುಕಿದರು, ಆರೂ ಮಕ್ಕಳ ಸಾವು ಕಂಡು 1835ರಲ್ಲಿ ತೀರಿಕೊಂಡರು. ಇದನ್ನು ಅಮರ ಪ್ರೇಮ ಅಂತ ಬರೆಯಲು ನನಗೆ ಮನಸ್ಸಾಗುವುದಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ತಿಳಿಯಬಾರದು ಅಂತಲೇ ಅಲ್ವಾ ಪತ್ರ ಸುಟ್ಟದ್ದು?

ನಮ್ಮದೇ ಬಂದರಿನ ಕತೆ

ಈಗ ಮಂಗಳೂರಿಗೆ ಬನ್ನಿ, ಹನ್ನೆರಡನೇ ಶತಮಾನಕ್ಕೆ. ಈಗಿನ ಟ್ಯುನೀಶಿಯಾದ ಮಹದಿಯಾ ಊರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅರಬ್ ತೀರದ ಏಡನ್ ಬಂದರಿನ ದಾರಿಯಾಗಿ ಇಲ್ಲಿಗೆ ಬಂದು ನೆಲೆಸಿದ್ದ. ಇಲ್ಲಿಂದ ಅಡಿಕೆ, ಕರಿಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿಂದ ಹಳೆ ತಾಮ್ರದ ಪಾತ್ರೆಗಳು ಬರುತ್ತಿದ್ದವು, ಅವನ ಕಾರ್ಖಾನೆಯಲ್ಲಿ ಅವನ್ನು ಕರಗಿಸಿ ಹೊಸದು ಮಾಡಿಸುತ್ತಿದ್ದ. ಇಲ್ಲಿ ಕಾಗದ ಸಿಗುತ್ತಿರಲಿಲ್ಲ, ಅದೂ ಅಲ್ಲಿಂದಲೇ ಬರಬೇಕು. ಇಷ್ಟೆಲ್ಲಾ ಗೊತ್ತಾದದ್ದು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದ ಕಾಗದಗಳಿಂದ. ದೇವರ ಹೆಸರಿರುವ ಬರಹ ನಾಶ ಮಾಡಬಾರದು ಅಂತ ಅಲ್ಲಿ ತುಂಬಿಡುತ್ತಿದ್ದರು. ವ್ಯಾಪಾರದ ಚೀಟಿಗಳೂ ಜೊತೆಗೆ ಉಳಿದವು.

1132ರ ಅಕ್ಟೋಬರ್‌ನಲ್ಲಿ ಅವನು ಮಂಗಳೂರಿನಲ್ಲೇ ಅಶು ಅನ್ನುವ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳೇ ಅವನ ಮಕ್ಕಳ ತಾಯಿ ಅಂತ ವಿದ್ವಾಂಸರು ಗುರುತಿಸುತ್ತಾರೆ. 1149ರಲ್ಲಿ ಅವನು ಮಗ, ಮಗಳನ್ನು ಕರೆದುಕೊಂಡು ಏಡನ್ನಿಗೆ ಹೋದ. ಆ ವರ್ಷ ಅಣ್ಣ ತಮ್ಮಂದಿರಿಗೆ ಬರೆದ ಪತ್ರ ಇದೆ. 1156ರಲ್ಲಿ ಮಗಳು ಸಿತ್ ಅಲ್-ದಾರ್‌ಗೆ ಈಜಿಪ್ಟಿನಲ್ಲಿ ಮದುವೆಯಾದ ದಾಖಲೆಯೂ ಇದೆ. ಅಶು ಮಾತ್ರ ಈ ಪತ್ರಗಳಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅಡಿಕೆಯ ಲೆಕ್ಕ ಉಳಿಯಿತು, ಅವಳ ಒಂದು ಮಾತೂ ಉಳಿಯಲಿಲ್ಲ. ಉಳಿದ ಪತ್ರ ಯಾರದು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಊರಿನವರಿಗೆ ಸಿಗಲಿಕ್ಕಿಲ್ಲ.

ಆ ಕಾಲದ ದೂರವನ್ನು ಮೈಲಿಯಲ್ಲಿ ಅಳೆಯಬೇಡಿ, ಮಳೆಗಾಲದಲ್ಲಿ ಅಳೆಯಿರಿ. ಜೂನ್, ಜುಲೈಯಲ್ಲಿ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುವುದನ್ನು ನೋಡಿದ್ದೀರಲ್ಲ? ಆಗಲೂ ಮಳೆ ಜೋರಿರುವಾಗ ಈ ಕರಾವಳಿಗೆ ಹಡಗು ಬರುತ್ತಿರಲಿಲ್ಲ. ಗಾಳಿ ತಗ್ಗುವ ಹೊತ್ತಿಗೆ ಏಡನ್ನಿಂದ ಹಡಗು ಬರಬೇಕು, ಚಳಿಗಾಲದಲ್ಲಿ ಗಾಳಿ ತಿರುಗಿದ ಮೇಲೆ ವಾಪಸ್ ಹೋಗಬೇಕು. ಒಂದು ಹಡಗು ತಪ್ಪಿದರೆ ಉತ್ತರಕ್ಕೆ ಇನ್ನೊಂದು ವರ್ಷ.

ಅದೇ ಕಾಗದಗಳಲ್ಲಿ ಹದಿಮೂರನೇ ಶತಮಾನದ ಆರಂಭದ ಇನ್ನೊಂದು ಪತ್ರ ಇದೆ. ಭಾರತದ ವ್ಯಾಪಾರಕ್ಕೆ ಬಂದಿದ್ದವನೊಬ್ಬ ಏಡನ್ನಿಂದ ಈಜಿಪ್ಟಿನ ಹೆಂಡತಿಗೆ ಬರೆದದ್ದು. ಅವಳು ಪತ್ರದಲ್ಲಿ ಚೆನ್ನಾಗಿ ಬೈದಿದ್ದಾಳೆ ಅಂತ ಇವನ ಉತ್ತರದಿಂದಲೇ ಗೊತ್ತಾಗುತ್ತದೆ. ವಿಚ್ಛೇದನ ಬೇಕಿದ್ದರೆ ನಿನ್ನನ್ನು ದೂರುವುದಿಲ್ಲ, ಕಾಯುವುದಿದ್ದರೆ ಕಾಯಿ, ತೀರ್ಮಾನ ನಿನ್ನ ಕೈಯಲ್ಲಿದೆ ಅನ್ನುವ ಅರ್ಥದಲ್ಲಿ ಬರೆಯುತ್ತಾನೆ. ತಾನು ಕುಡಿಯುತ್ತಿದ್ದೇನೆ ಅಂತಲೂ ಒಪ್ಪಿಕೊಳ್ಳುತ್ತಾನೆ. ನನಗೆ ಈ ಪತ್ರ ಎಷ್ಟೋ ಸಿಹಿ ಪತ್ರಗಳಿಗಿಂತ ನಂಬುವಂತೆ ಕಾಣುತ್ತದೆ.

ಜೈಲಿನ ಗೋಡೆ

ಕೆಲಸಕ್ಕಾಗಿ ದೂರ ಹೋಗುವುದು ಬೇರೆ, ಜೈಲಿಗೆ ಹಾಕಿ ದೂರ ಮಾಡುವುದು ಬೇರೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಸೇರಿಸಬೇಡಿ. 1908ರ ನವೆಂಬರ್‌ನಲ್ಲಿ ಕಸ್ತೂರಬಾ ಗಂಭೀರವಾಗಿ ಕಾಯಿಲೆ ಬಿದ್ದಾಗ ಗಾಂಧಿ ದಕ್ಷಿಣ ಆಫ್ರಿಕಾದ ಜೈಲಿನಲ್ಲಿದ್ದರು. ದಂಡ ಕಟ್ಟಿದರೆ ಹೊರಗೆ ಬರಬಹುದಿತ್ತು. ಕಟ್ಟಲಿಲ್ಲ. ನೀನು ಸತ್ತರೂ ನನ್ನ ಪಾಲಿಗೆ ಬದುಕಿರುತ್ತೀ, ನಾನು ಮತ್ತೆ ಮದುವೆಯಾಗುವುದಿಲ್ಲ ಅನ್ನುವ ಅರ್ಥದ ಪತ್ರ ಬರೆದರು. ಕಸ್ತೂರಬಾ ಚೇತರಿಸಿಕೊಂಡರು. ಆ ಪತ್ರ ಕೇಳಿ ಅವರಿಗೆ ಏನನ್ನಿಸಿತೋ, ನನಗಂತೂ ಓದುವಾಗ ಸಿಟ್ಟು ಬಂತು.

ಕೊನೆಗೆ ದಕ್ಷಿಣ ಆಫ್ರಿಕಾದ್ದೇ ಎರಡು ಜೋಡಿ. ನೆಲ್ಸನ್ ಮಂಡೇಲಾ ಮತ್ತು ಅವರ ಹೋರಾಟದ ಜೊತೆಗಾರ ವಾಲ್ಟರ್ ಸಿಸುಲು ಒಂದೇ ಮೊಕದ್ದಮೆಯಲ್ಲಿ 1964ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದವರು. ರಾಬೆನ್ ದ್ವೀಪದ ಜೈಲಿನಲ್ಲಿ ಶುರುವಿಗೆ ಆರು ತಿಂಗಳಿಗೆ ಒಂದು ಪತ್ರ, ಒಂದು ಭೇಟಿ. ಪತ್ರ 500 ಪದ ದಾಟುವಂತಿಲ್ಲ, ಅದಕ್ಕೂ ಅಧಿಕಾರಿಗಳ ಕತ್ತರಿ. ಸಿಸುಲು 1989ರ ಅಕ್ಟೋಬರ್‌ನಲ್ಲಿ ಹೊರಬಂದರು, ನರ್ಸ್ ಆಗಿದ್ದ ಅಲ್ಬರ್ಟಿನಾ ಜೊತೆಗಿನ ಸಂಸಾರ 2003ರಲ್ಲಿ ಅವರು ತೀರಿಕೊಳ್ಳುವವರೆಗೂ ಉಳಿಯಿತು. ಮಂಡೇಲಾ 1990ರ ಫೆಬ್ರವರಿಯಲ್ಲಿ ಹೊರಬಂದರು, ವಿನ್ನಿ ಕೈಹಿಡಿದು ಪಕ್ಕದಲ್ಲೇ ನಡೆದರು, 1992ರಲ್ಲಿ ಇಬ್ಬರೂ ಬೇರೆಯಾದರು, 1996ರಲ್ಲಿ ವಿಚ್ಛೇದನ. ಇಲ್ಲಿ ಅಲ್ಬರ್ಟಿನಾ ಒಳ್ಳೆಯವರು, ವಿನ್ನಿ ಕೆಟ್ಟವರು ಅಂತ ಬರೆಯುವುದು ತೀರಾ ಸುಲಭ, ತೀರಾ ತಪ್ಪು. ಅಲ್ಬರ್ಟಿನಾ ಮದುವೆಯಾಗಿದ್ದು 1944ರಲ್ಲಿ, ಜೈಲಿಗೆ ಮೊದಲೇ ಸುಮಾರು ಎರಡು ದಶಕದ ಸಂಸಾರ. ವಿನ್ನಿ ಮದುವೆಯಾಗಿದ್ದು 1958ರಲ್ಲಿ, ಗಂಡ ಬಂಧನವಾಗಿದ್ದು 1962ರಲ್ಲಿ, ಅದರ ನಡುವೆಯೂ ಅವರು ತಲೆಮರೆಸಿಕೊಂಡಿದ್ದ ಕಾಲ ಇದೆ. ಆಮೇಲೆ ವಿನ್ನಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿ, ಬಹುಪಾಲು ಒಂಟಿ ಕೋಣೆಯಲ್ಲಿ ಇಟ್ಟರು. 1977ರಲ್ಲಿ ಬ್ರಾಂಡ್‌ಫೋರ್ಟ್ ಅನ್ನುವ ದೂರದ ಊರಿಗೆ ಗಡೀಪಾರು ಮಾಡಿದರು. ಪತ್ರದ ಲೆಕ್ಕ ನೋಡಿ ಸಂಬಂಧ ಅಳೆಯುವ ನನ್ನ ಉಪಾಯ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. 500 ಪದದಲ್ಲಿ, ಅದೂ ಬೇರೆಯವರು ಓದಿ ಕತ್ತರಿಸುವ ಪತ್ರದಲ್ಲಿ, ಯಾವ ಲೆಕ್ಕ ಬರೆಯುವುದು?

ಇಸವಿಗಳಲ್ಲಿ ಗೊಂದಲ ಆಗುವ ಜಾಗ ಎರಡು. ಆಡಮ್ಸ್ ಯುರೋಪಿಗೆ ಹೋದದ್ದು ಎರಡು ಸಲ, 1778ರಲ್ಲಿ ಮತ್ತು 1779ರ ಕೊನೆಗೆ. ಅಶುವಿನ ಬಿಡುಗಡೆ 1132, ಬೆನ್ ಯಿಜು ಏಡನ್ನಿಗೆ ಹೊರಟದ್ದು 1149. ಈ ಎರಡನ್ನು ಅದಲು ಬದಲು ಮಾಡಿದರೆ ಮಂಗಳೂರಿನ ಹದಿನೇಳು ವರ್ಷವೇ ಉತ್ತರದಿಂದ ಮಾಯ ಆಗುತ್ತದೆ.