ಗೆಲ್ಲುವ ಕುದುರೆಯನ್ನು ಐದೇ ವರ್ಷಕ್ಕೆ ಯಾಕೆ ನಿಲ್ಲಿಸಿದರು?

ಪ್ರಶ್ನೆ: ಜಪಾನಿನ ಕರೆನ್ ಚಾನ್ ಎಂಬ ಹೆಣ್ಣು ಕುದುರೆ 2012ರ ಮಾರ್ಚ್‌ನಲ್ಲಿ ದೊಡ್ಡ ರೇಸ್ ಗೆದ್ದಿತ್ತು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ದೊಡ್ಡ ರೇಸ್‌ನಲ್ಲಿ ಎರಡನೇ ಸ್ಥಾನ. ವರ್ಷ ಮುಗಿಯುವಷ್ಟರಲ್ಲಿ ನಿವೃತ್ತಿ! ಆಗ ಅದಕ್ಕೆ ಬರೀ ಐದು ವರ್ಷ. ಅಷ್ಟು ಬೇಗ ಓಟ ಕುಂದಿಬಿಟ್ಟಿತೇ?

ಉತ್ತರ: ಇದನ್ನು ಕೇಳುವವರಲ್ಲಿ ಬಹಳಷ್ಟು ಜನ ರೇಸ್‌ಕೋರ್ಸ್ ಮೆಟ್ಟಿಲು ಹತ್ತಿದವರಲ್ಲ. ಜಪಾನಿನ ಹೆಸರಾಂತ ಕುದುರೆಗಳನ್ನು ಓಡುವ ಹುಡುಗಿಯರನ್ನಾಗಿ ಮಾಡಿದ ಮೊಬೈಲ್ ಗೇಮ್ ಒಂದಿದೆ, ಅದರಲ್ಲಿ ಕರೆನ್ ಚಾನ್ ಕೂಡ ಒಂದು ಪಾತ್ರ. ಅಲ್ಲಿ ಪರಿಚಯವಾಗಿ, ಆಮೇಲೆ ನಿಜವಾದ ಕುದುರೆಯ ದಾಖಲೆ ಹುಡುಕಲು ಹೊರಟವರಿಗೆ ಕೊನೆಯ ಸಾಲು ಓದಿ ಬೇಜಾರಾಗುತ್ತದೆ: 18 ಓಟ, 9 ಗೆಲುವು, ಅಲ್ಲಿಗೆ ಮುಗಿಯಿತು.

ಓಟ ಕುಂದಿರಲಿಲ್ಲ. ಹಾಗೆ ನೋಡಿದರೆ, ಜಪಾನಿನಲ್ಲಿ ಅವಳು ಓಡಿದ ಕೊನೆಯ ರೇಸೇ ಅವಳ ಅತ್ಯಂತ ವೇಗದ ಓಟಗಳಲ್ಲಿ ಒಂದು. ಕಾರಣ ಬೇರೆ ಇದೆ. ಅದನ್ನು ತಿಳಿಯಬೇಕಾದರೆ ಮೊದಲು ಅವಳು ಯಾವ ದೂರದ ಕುದುರೆ ಎಂದು ನೋಡಬೇಕು.

ಹುಟ್ಟಿದ್ದು 2007ರ ಮಾರ್ಚ್ 31ಕ್ಕೆ, ಹೊಕ್ಕೈಡೊದಲ್ಲಿ. ಅಪ್ಪ ಕುರೊಫುನೆ, 2001ರಲ್ಲಿ ಹುಲ್ಲಿನ ಮೇಲೂ ಮಣ್ಣಿನ ಮೇಲೂ ಜಿ1 (ಗ್ರೇಡ್ ರೇಸ್‌ಗಳಲ್ಲಿ ಅತ್ಯುನ್ನತ ದರ್ಜೆಯದು) ಗೆದ್ದ ಬೂದು ಕುದುರೆ. ಆ ಬೂದು ಬಣ್ಣ ಮಗಳಿಗೂ ಬಂತು. ತಾಯಿಯ ಅಪ್ಪ ಟೋನಿ ಬಿನ್, 1988ರಲ್ಲಿ ಪ್ಯಾರಿಸ್‌ನ ಆರ್ಕ್ ಎಂಬ ದೊಡ್ಡ ರೇಸ್ ಗೆದ್ದವನು. ತರಬೇತಿ ರಿತ್ತೊ ತರಬೇತಿ ಕೇಂದ್ರದಲ್ಲಿ, ತಕಾಯುಕಿ ಯಸುದಾ ಅವರ ಲಾಯದಲ್ಲಿ. ಈ ಯಸುದಾ ಟ್ರೈನರ್ ಆಗುವ ಮೊದಲು ಜಾಕಿಯಾಗಿದ್ದವರು. 1991ರಲ್ಲಿ ಟೋಕಾಯ್ ತೇಯೊ ಮೇಲೆ ಕೂತು ಜಪಾನ್ ಡರ್ಬಿ ಗೆದ್ದವರು ಇವರೇ.

ಮೂರನೇ ವರ್ಷದಲ್ಲಿ ಕರೆನ್ ಚಾನ್ ಸುದ್ದಿಯಲ್ಲೇ ಇರಲಿಲ್ಲ. 2010 ಅಪಾಪಾನೆಯ ವರ್ಷ. ಹೆಣ್ಣು ಕುದುರೆಗಳ ಮೂರೂ ಕ್ಲಾಸಿಕ್‌ಗಳನ್ನು ಅವಳು ಗೆದ್ದು ಹೋದಳು. ನಮ್ಮ ಬೂದು ಕುದುರೆಗೆ ಅದರಲ್ಲಿ ಮೊದಲನೆಯದಾದ ಓಕಾ ಶೋನಲ್ಲಿ ಓಡುವ ಅವಕಾಶವೂ ಸಿಗಲಿಲ್ಲ. ಆ ರೇಸ್ 1600 ಮೀಟರ್, ಕೊನೆಯದು 2000 ಮೀಟರ್. ಇವಳ ಓಟ ಇದ್ದದ್ದು 1200 ಮೀಟರ್‌ನಲ್ಲಿ.

2011ರಲ್ಲಿ ನೋಡಿ. ಏಪ್ರಿಲ್‌ನಲ್ಲಿ ಹನ್ಶಿನ್ ಹಿಂಬಾ ಸ್ಟೇಕ್ಸ್, ಬೇಸಿಗೆಯಲ್ಲಿ ಹಕೊದಾತೆ ಸ್ಪ್ರಿಂಟ್, ಆಗಸ್ಟ್ ಕೊನೆಗೆ ಸಪ್ಪೊರೊದಲ್ಲಿ ಕೀನ್‌ಲ್ಯಾಂಡ್ ಕಪ್. ಒಂದರ ಹಿಂದೆ ಒಂದು ಗೆಲುವು. ಆಮೇಲೆ ಅಕ್ಟೋಬರ್ 2ಕ್ಕೆ ನಕಾಯಾಮಾದಲ್ಲಿ ಸ್ಪ್ರಿಂಟರ್ಸ್ ಸ್ಟೇಕ್ಸ್, ಅವಳ ಮೊದಲ ಜಿ1.

ಆ ದಿನ ಎಲ್ಲರ ಕಣ್ಣಿದ್ದದ್ದು ಸಿಂಗಾಪುರದಿಂದ ಬಂದ ರಾಕೆಟ್ ಮ್ಯಾನ್ ಮೇಲೆ. ಅದೇ ವರ್ಷ ದುಬೈನ ಗೋಲ್ಡನ್ ಶಾಹೀನ್ ಗೆದ್ದು ಬಂದಿದ್ದ ಕುದುರೆ, ಹಣ ಹಾಕಿದವರ ಫೇವರಿಟ್. ಹಾಂಗ್‌ಕಾಂಗ್‌ನಿಂದ ಲಕ್ಕಿ ನೈನ್ ಬಂದಿದ್ದ. ಜಾಕಿ ಕೆನಿಚಿ ಇಕೆಝೊಯೆ ಕೊನೆಯ ತಿರುವಿನಲ್ಲಿ ಕರೆನ್ ಚಾನ್‌ಳನ್ನು ಹೊರಗಿನ ಸಾಲಿಗೆ ತಂದರು, ನೇರ ದಾರಿಯಲ್ಲಿ ಅವಳು ಎಲ್ಲರನ್ನೂ ಹಿಂದೆ ಹಾಕಿದಳು. ಕಾಲ 1 ನಿಮಿಷ 7.4 ಸೆಕೆಂಡ್. ರಾಕೆಟ್ ಮ್ಯಾನ್ ನಾಲ್ಕನೆಯವನು, ಲಕ್ಕಿ ನೈನ್ ಐದನೆಯವನು. ಇಕೆಝೊಯೆಗೆ ಆ ತಿಂಗಳು ಮುಟ್ಟಿದ್ದೆಲ್ಲ ಚಿನ್ನ: ಮೂರು ವಾರದ ಮೇಲೆ ಓರ್ಫೆವ್ರ್ ಎಂಬ ಕುದುರೆಯ ಜೊತೆ ಮೂರು ಕ್ಲಾಸಿಕ್‌ಗಳ ಟ್ರಿಪಲ್ ಕ್ರೌನ್ ಕೂಡ ಮುಗಿಸಿದರು. ವರ್ಷದ ಕೊನೆಗೆ ಜಪಾನಿನ ಅತ್ಯುತ್ತಮ ಅಲ್ಪದೂರದ ಕುದುರೆ ಪ್ರಶಸ್ತಿ ಕರೆನ್ ಚಾನ್‌ಗೆ ಬಂತು.

ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನ ಶಾ ಟಿನ್ ಟ್ರ್ಯಾಕ್‌ಗೆ ಹೋಗಿ ಹಾಂಗ್‌ಕಾಂಗ್ ಸ್ಪ್ರಿಂಟ್ ರೇಸ್‌ನಲ್ಲಿ ಐದನೆಯವಳಾದಳು. ಗೆದ್ದವನು ಯಾರು? ನಕಾಯಾಮಾದಲ್ಲಿ ಅವಳ ಹಿಂದೆ ಉಳಿದಿದ್ದ ಅದೇ ಲಕ್ಕಿ ನೈನ್. ತವರಿನ ಟ್ರ್ಯಾಕ್ ಎಂದರೆ ಏನೆಂದು ತಿಳಿಯಲು ಇದಕ್ಕಿಂತ ಉದಾಹರಣೆ ಬೇಡ. ಅಲ್ಲಿಯವರೆಗೆ ಜಪಾನಿನ ಒಂದು ಕುದುರೆಯೂ ಆ ರೇಸ್ ಗೆದ್ದಿರಲಿಲ್ಲ.

ಈಗ ಕಾರಣಕ್ಕೆ ಬರೋಣ. ಜಪಾನಿನ ಕೇಂದ್ರ ರೇಸಿಂಗ್‌ನಲ್ಲಿ 1200 ಮೀಟರ್‌ನ ಜಿ1 ಇರುವುದು ಎರಡೇ. ಮಾರ್ಚ್ ಕೊನೆಗೆ ಚುಕ್ಯೊದಲ್ಲಿ ತಕಾಮಾತ್ಸುನೊಮಿಯಾ ಕಿನೆನ್, ಶರತ್ಕಾಲದಲ್ಲಿ ನಕಾಯಾಮಾದ ಸ್ಪ್ರಿಂಟರ್ಸ್ ಸ್ಟೇಕ್ಸ್. ದೂರದ ಓಟದ ಕುದುರೆಗಾದರೆ ಟೆನ್ನೊ ಶೋ, ತಕಾರಾಝುಕಾ ಕಿನೆನ್, ಜಪಾನ್ ಕಪ್, ಅರಿಮಾ ಕಿನೆನ್ ಅಂತ ಮೆಟ್ಟಿಲ ಮೇಲೆ ಮೆಟ್ಟಿಲು. ಅಲ್ಪದೂರದ ಕುದುರೆಗೆ ವರ್ಷಕ್ಕೆ ಎರಡೇ ದೊಡ್ಡ ದಿನ, ಅವೆರಡರ ನಡುವೆ ಆರು ತಿಂಗಳ ಅಂತರ.

ಆ ಇನ್ನೊಂದು ದಿನವೂ ಅವಳದ್ದಾಯಿತು. 2012ರ ಮಾರ್ಚ್ 25. ಚುಕ್ಯೊ ಟ್ರ್ಯಾಕನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಿ ಆಗಷ್ಟೇ ತೆರೆದಿದ್ದರು. ನೇರ ದಾರಿ 400 ಮೀಟರ್‌ಗೂ ಉದ್ದ, ನಡುವೆ ಹೊಸದಾಗಿ ಒಂದು ಏರು. ಮುಂದೆ ಓಡುವ ಕುದುರೆಗಳ ಉಸಿರು ಕೀಳುವ ಏರು ಅದು. ಕರೆನ್ ಚಾನ್ ಮುಂದಿನ ಗುಂಪಿನಲ್ಲೇ ಇದ್ದು, ಬೇಗ ಮುನ್ನುಗ್ಗಿ, ಹಿಂದಿನಿಂದ ಬಂದ ಸ್ಯಾನ್‌ಕಾರ್ಲೊನನ್ನು ಕತ್ತಿನ ಅಂತರದಲ್ಲಿ ತಡೆದಳು. ಶರತ್ಕಾಲದ ಕಿರೀಟದ ಮೇಲೆ ವಸಂತದ ಕಿರೀಟ. 1996ರಲ್ಲಿ ಫ್ಲವರ್ ಪಾರ್ಕ್, 2002–03ರಲ್ಲಿ ಬಿಲೀವ್ ಇಂಥದ್ದನ್ನು ಮಾಡಿದ್ದವು, ಅವೂ ಹೆಣ್ಣು ಕುದುರೆಗಳೇ. (ಫ್ಲವರ್ ಪಾರ್ಕ್‌ನ ಎರಡನೇ ಗೆಲುವು ಬರೀ ಒಂದು ಸೆಂಟಿಮೀಟರ್ ಅಂತರದ್ದು ಎಂದು ಜಪಾನಿನಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಫೋಟೊ ನೋಡಿ ನಿರ್ಧರಿಸುವಷ್ಟರಲ್ಲಿ ಜನ ಬೆವತು ಹೋಗಿದ್ದರಂತೆ.) ದೂರ ಹೆಚ್ಚಾದಷ್ಟೂ ಗಂಡುಗಳ ಎದುರು ಹೆಣ್ಣು ಕುದುರೆಗೆ ಕಷ್ಟ ಎನ್ನುವ ಮಾತು ಆಗ ಇತ್ತು. 1200 ಮೀಟರ್‌ನಲ್ಲಿ ಮಾತ್ರ ಆ ಮಾತು ಎಂದೂ ನಡೆದಿಲ್ಲ. ಹೆಣ್ಣುಗಳಿಗೆ ಎರಡು ಕೆಜಿ ತೂಕದ ರಿಯಾಯಿತಿ ಇರುವುದೂ ಹೌದು.

ಚುಕ್ಯೊದಲ್ಲಿ ಮೂರನೆಯವನಾಗಿ ಬಂದ ಫೇವರಿಟ್‌ನ ಹೆಸರು ಲಾರ್ಡ್ ಕನಲೋವಾ. ಕರೆನ್ ಚಾನ್‌ಗಿಂತ ಒಂದು ವರ್ಷ ಚಿಕ್ಕವನು. ಅವನೂ ಯಸುದಾ ಅವರ ಕುದುರೆಯೇ. ಒಂದೇ ಲಾಯ, ಒಬ್ಬರೇ ಟ್ರೈನರ್, ಗುರಿಯಿಟ್ಟ ರೇಸ್‌ಗಳೂ ಅವೇ. ಒಬ್ಬ ಟ್ರೈನರ್‌ಗೆ ಇದಕ್ಕಿಂತ ಸುಖದ ತಲೆನೋವು ಇನ್ನೊಂದಿಲ್ಲ. ಇಬ್ಬರ ಮಾಲೀಕರು ಮಾತ್ರ ಬೇರೆ ಬೇರೆ. ಹಾಗಾಗಿ ಒಬ್ಬರಿಗೋಸ್ಕರ ಇನ್ನೊಬ್ಬರು ಬಿಟ್ಟುಕೊಡುವ ಪ್ರಶ್ನೆ ಇಲ್ಲ.

ಬೇಸಿಗೆ ವಿಶ್ರಾಂತಿ ಮುಗಿಸಿ ಸೆಪ್ಟೆಂಬರ್‌ನ ಸೆಂಟಾರ್ ಸ್ಟೇಕ್ಸ್‌ಗೆ ಬಂದಾಗ ಕರೆನ್ ಚಾನ್ ಮೈ ಭಾರವಾಗಿತ್ತು. ಜಪಾನಿನಲ್ಲಿ ರೇಸ್ ದಿನ ಪ್ರತಿ ಕುದುರೆಯ ತೂಕವನ್ನೂ ಪ್ರಕಟಿಸುತ್ತಾರೆ, ಪಂಟರ್‌ಗಳು ಪಂಚಾಂಗ ನೋಡುವಂತೆ ಅದನ್ನು ನೋಡುತ್ತಾರೆ. ಅಂದು ಗೆದ್ದದ್ದು ಎಪಿಸ್ ಅರೋಮ್ ಎಂಬ ಮೂರು ವರ್ಷದ ಹೆಣ್ಣು ಕುದುರೆ. ಕನಲೋವಾ ಎರಡನೆಯವನು, ನಮ್ಮವಳು ಅವನ ಹಿಂದೆ. "ಇವಳ ಕಾಲ ಮುಗಿಯಿತು" ಎಂಬ ಮಾತು ಹುಟ್ಟಿದ್ದರೆ ಇಲ್ಲೇ ಹುಟ್ಟಿರಬೇಕು.

ಮೂರು ವಾರದ ಮೇಲೆ, ಸೆಪ್ಟೆಂಬರ್ 30ಕ್ಕೆ, ಮತ್ತೆ ನಕಾಯಾಮಾ. ಲಾರ್ಡ್ ಕನಲೋವಾ ಮುಕ್ಕಾಲು ಲೆಂತ್‌ನಿಂದ (ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅವಳನ್ನು ಸೋಲಿಸಿದ. ಅವನ ಕಾಲ 1 ನಿಮಿಷ 6.7 ಸೆಕೆಂಡ್, ಟ್ರ್ಯಾಕ್ ದಾಖಲೆ. ಮುಕ್ಕಾಲು ಲೆಂತ್ ಎಂದರೆ ಗಡಿಯಾರದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅಂದರೆ ಕರೆನ್ ಚಾನ್ ಓಡಿದ್ದು 1 ನಿಮಿಷ 6.8 ಸೆಕೆಂಡ್‌ನಲ್ಲಿ. ಹಿಂದಿನ ವರ್ಷ ಇದೇ ಟ್ರ್ಯಾಕ್‌ನಲ್ಲಿ, ಇದೇ ರೇಸ್‌ನಲ್ಲಿ ಗೆದ್ದಾಗ ಅವಳ ಕಾಲ 7.4 ಇತ್ತಲ್ಲ, ಅದಕ್ಕಿಂತ 0.6 ಸೆಕೆಂಡ್ ಬೇಗ! ಹುಲ್ಲಿನ ಸ್ಥಿತಿ, ಮುಂದೆ ಓಡುವವರ ವೇಗ ವರ್ಷ ವರ್ಷಕ್ಕೆ ಬೇರೆಯಾಗುತ್ತದೆ ನಿಜ. ಆದರೂ ಓಟ ಕುಂದಿದ ಕುದುರೆ ದಾಖಲೆ ಮುರಿದವನ ಬೆನ್ನಿಗೆ ಅಂಟಿಕೊಂಡು ಬರುವುದಿಲ್ಲ. ಅವಳು ಇಳಿಯಲಿಲ್ಲ, ಅವನು ಏರಿದ.

ಡಿಸೆಂಬರ್‌ನಲ್ಲಿ ಇಬ್ಬರೂ ಶಾ ಟಿನ್‌ಗೆ ಹೋದರು. ಕನಲೋವಾ ಗೆದ್ದ, ಆ ರೇಸ್ ಗೆದ್ದ ಜಪಾನಿನ ಮೊದಲ ಕುದುರೆಯಾದ. ಅವಳು ಏಳನೆಯವಳು. ಅದೇ ಅವಳ ಕೊನೆಯ ಓಟ.

ಇನ್ನೊಂದು ವರ್ಷ ಓಡಿಸಿದ್ದರೆ ಏನಾಗುತ್ತಿತ್ತು? ಮಾರ್ಚ್‌ನಲ್ಲಿ ಆಗಲೇ ಗೆದ್ದ ರೇಸ್, ಶರತ್ಕಾಲದಲ್ಲಿ ಆಗಲೇ ಗೆದ್ದ ರೇಸ್, ಎರಡರಲ್ಲೂ ಎದುರಿಗೆ ಕನಲೋವಾ. 2013ರಲ್ಲಿ ಅವನು ಆ ಎರಡನ್ನೂ ಗೆದ್ದ, ಹಾಂಗ್‌ಕಾಂಗ್‌ನಲ್ಲೂ ಮತ್ತೆ ಗೆದ್ದ. ಬೆಳಗ್ಗೆ ಲಾಯದಲ್ಲಿ ಪಕ್ಕಪಕ್ಕದಲ್ಲಿ ಇಬ್ಬರನ್ನೂ ನೋಡುತ್ತಿದ್ದ ಯಸುದಾ ಅವರಿಗೆ ಇದು ನಮಗಿಂತ ಮೊದಲೇ ಕಂಡಿರಬೇಕು ಎಂಬುದು ನನ್ನ ಊಹೆ.

ಇನ್ನು ತಾಯ್ತನದ ಲೆಕ್ಕ. ರೇಸ್ ಕುದುರೆಗಳಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಈ ನಿಯಮ ಜಪಾನಿಗೂ ಒಂದೇ, ನಮ್ಮ ಕುಣಿಗಲ್ ಸ್ಟಡ್ ಫಾರಂಗೂ ಒಂದೇ. ಗಂಡನ್ನೂ ಹೆಣ್ಣನ್ನೂ ಕೂಡಿಸಲೇಬೇಕು. ಜಪಾನಿನಲ್ಲಿ ಇದರ ಕಾಲ ಫೆಬ್ರವರಿಯಿಂದ ಬೇಸಿಗೆಯ ಆರಂಭದವರೆಗೆ. ಗಬ್ಬ ಕಟ್ಟಿದರೆ ಈಯಲು ಹನ್ನೊಂದು ತಿಂಗಳು. ಹೆಚ್ಚೆಂದರೆ ವರ್ಷಕ್ಕೆ ಒಂದು ಮರಿ, ಗಬ್ಬ ನಿಲ್ಲದಿದ್ದರೆ ಅದೂ ಇಲ್ಲ. ಕನಲೋವಾನಂಥ ಗಂಡು ಒಂದೇ ಹಂಗಾಮಿಗೆ ಇನ್ನೂರಕ್ಕೂ ಹೆಚ್ಚು ಹೆಣ್ಣುಗಳನ್ನು ಕೂಡಬಲ್ಲ. ಅವನನ್ನು ಒಂದು ವರ್ಷ ಹೆಚ್ಚು ಓಡಿಸಿದರೆ ಮುಂದಿನ ವರ್ಷಗಳಲ್ಲಿ ಸರಿದೂಗೀತು. ಹೆಣ್ಣಿನ ಲೆಕ್ಕದಲ್ಲಿ ಹೋದ ವಸಂತದ ಮರಿ ಹೋದದ್ದೇ. ಎರಡು ಜಿ1 ಗೆದ್ದ, ಗಂಡು ಕುದುರೆಗಳನ್ನೇ ಸೋಲಿಸಿದ ಹೆಣ್ಣಿನ ಮರಿಗೆ ಎಷ್ಟು ಬೆಲೆ ಎಂದು ಬೇರೆ ಹೇಳಬೇಕಿಲ್ಲ. ಡಿಸೆಂಬರ್‌ನಲ್ಲಿ ಓಟ ನಿಲ್ಲಿಸಿದರೆ ಮೈ ಸಡಿಲಿಸಿಕೊಂಡು ಬೆದೆಗೆ ಬರುವಷ್ಟರಲ್ಲಿ ವಸಂತ ಸರಿಯಾಗಿ ಬಂದಿರುತ್ತದೆ. ಜಪಾನಿನ ಹೆಸರಾಂತ ಹೆಣ್ಣು ಕುದುರೆಗಳ ನಿವೃತ್ತಿ ಸುದ್ದಿ ವರ್ಷದ ಕೊನೆಗೆ ಗೊಂಚಲಾಗಿ ಬರುವುದು ಅದಕ್ಕೇ.

ರಾಕೆಟ್ ಮ್ಯಾನ್, ಲಕ್ಕಿ ನೈನ್ ಇಬ್ಬರೂ ಬೀಜ ಒಡೆಸಿದ ಕುದುರೆಗಳು. ಅವುಗಳಿಂದ ಮರಿಯ ಆಸೆ ಇಲ್ಲ, ಹಾಗಾಗಿ ಕಾಲು ಗಟ್ಟಿ ಇರುವಷ್ಟು ದಿನ ಓಟವೇ ಬದುಕು. ಏಳು ವರ್ಷದವರೆಗೆ ಓಡಿದ ಸಿಂಗಾಪುರ, ಹಾಂಗ್‌ಕಾಂಗ್ ಕುದುರೆಗಳ ಪಕ್ಕದಲ್ಲಿ ಕರೆನ್ ಚಾನ್‌ಳನ್ನು ಇಟ್ಟು "ಇಷ್ಟು ಬೇಗ ಯಾಕೆ" ಎಂದು ಕೇಳುವವರು ಇದನ್ನು ಮರೆಯುತ್ತಾರೆ.

ಇದಕ್ಕೊಂದು ತಕರಾರು ಬರುತ್ತದೆ, ನ್ಯಾಯವಾದದ್ದೇ. ಹೆಣ್ಣು ಕುದುರೆ ಐದು ವರ್ಷಕ್ಕೆ ನಿಲ್ಲಲೇಬೇಕು ಎಂದೇನಾದರೂ ಇದೆಯೇ? ಇಲ್ಲ. ನೂರಾರು ಜನ ಪಾಲು ಕೊಂಡು ಒಂದು ಕುದುರೆಯನ್ನು ಹೊಂದುವ ಕ್ಲಬ್‌ಗಳಲ್ಲಿ ಹೆಣ್ಣು ಕುದುರೆ ಆರು ವರ್ಷದ ಮಾರ್ಚ್ ಒಳಗೆ ನಿವೃತ್ತಿಯಾಗಬೇಕು ಎಂಬ ಕಟ್ಟಳೆ ಸಾಮಾನ್ಯ. ಕರೆನ್ ಚಾನ್ ಒಬ್ಬ ಮಾಲೀಕರ ಕುದುರೆ, ಆ ಕಟ್ಟಳೆ ಅವಳಿಗೆ ಬರುವುದಿಲ್ಲ. ಸ್ಟ್ರೇಟ್ ಗರ್ಲ್ ಎಂಬವಳು 2015ರಲ್ಲಿ ಆರನೇ ವರ್ಷಕ್ಕೆ ಸ್ಪ್ರಿಂಟರ್ಸ್ ಸ್ಟೇಕ್ಸ್ ಗೆದ್ದಳು, ಏಳನೇ ವರ್ಷಕ್ಕೆ ವಿಕ್ಟೋರಿಯಾ ಮೈಲ್ ಗೆದ್ದು ಎಲ್ಲರ ಬಾಯಿ ಮುಚ್ಚಿಸಿದಳು. ಆದರೆ ಐದು ವರ್ಷ ಮುಗಿದಾಗ ಸ್ಟ್ರೇಟ್ ಗರ್ಲ್ ಕೈಯಲ್ಲಿ ಒಂದು ಜಿ1 ಕೂಡ ಇರಲಿಲ್ಲ. ಗೆಲ್ಲಬೇಕಾದದ್ದು ಉಳಿದಿತ್ತು, ಓಡಿಸಿದರು. ಕರೆನ್ ಚಾನ್‌ಗೆ ಉಳಿದಿದ್ದದ್ದು ಹಾಂಗ್‌ಕಾಂಗ್ ಒಂದೇ. ಎರಡು ಸಲ ಹೋಗಿ ಬಂದಾಗಿತ್ತು. ಮೂರನೇ ಸಲ ಹೋಗಲು ಮತ್ತೊಂದು ಇಡೀ ವರ್ಷ ಕಾಯಬೇಕಿತ್ತು. ನನ್ನನ್ನು ಕೇಳಿದರೆ ನಿಲ್ಲಿಸಿದ್ದು ಸರಿ. ಚುಕ್ಯೊದಲ್ಲಿ ಇನ್ನೊಂದು ಸಲ ಅವರಿಬ್ಬರನ್ನು ನೋಡುವ ಆಸೆ ಮಾತ್ರ ಯಾವ ರೇಸ್ ಪ್ರೇಮಿಗೂ ಇದ್ದದ್ದೇ.

ಆ ಆಸೆ ಬೇರೆ ರೀತಿಯಲ್ಲಿ ತೀರಿತು. ಕನಲೋವಾ 2013ರ ಕೊನೆಗೆ ಓಟ ಬಿಟ್ಟು ಸ್ಟಡ್‌ಗೆ ಹೋದ. ಅವನ ಮೊದಲ ವರ್ಷದ ಮರಿಗಳಲ್ಲೇ ಒಂಬತ್ತು ಜಿ1 ಗೆದ್ದ ಆಲ್ಮಂಡ್ ಐ ಇದ್ದಳು. 1200 ಮೀಟರ್ ಕುದುರೆಯ ಮಗಳು 2400 ಮೀಟರ್‌ನ ಜಪಾನ್ ಕಪ್‌ನಲ್ಲಿ 2 ನಿಮಿಷ 20.6 ಸೆಕೆಂಡ್ ಓಡಿದಾಗ ವಂಶದ ಲೆಕ್ಕ ಬರೆದುಕೊಂಡವರೆಲ್ಲ ಪುಸ್ತಕ ಮುಚ್ಚಿಟ್ಟರು. ಆಲ್ಮಂಡ್ ಐ ಹುಟ್ಟಿದ ಮುಂದಿನ ವರ್ಷ, 2016ರಲ್ಲಿ, ಕನಲೋವಾನಿಂದ ಕರೆನ್ ಚಾನ್ ಈದ ಹೆಣ್ಣು ಮರಿಯೇ ಕರೆನ್ ಮೊಯೆ. ಅಪ್ಪ ಅಮ್ಮ ಇಬ್ಬರೂ ಸ್ಪ್ರಿಂಟರ್ಸ್ ಸ್ಟೇಕ್ಸ್ ಗೆದ್ದವರು, ಇಬ್ಬರೂ ಒಂದೇ ಲಾಯದವರು. ಮಗಳನ್ನೂ ಯಸುದಾ ಲಾಯಕ್ಕೇ ಕಳಿಸಿದರು. ಓಟದಲ್ಲಿ ತಾಯಿಯಂತೆ ಅಲ್ಪದೂರದವಳು, ಮುಂದೆ ಓಡುವವಳು. 2020ರ ಕೆಹಾನ್ ಹಾಯ್‌ನಲ್ಲಿ ಎರಡನೇ ಸ್ಥಾನ, 2021ರ ಓಷನ್ ಸ್ಟೇಕ್ಸ್‌ನಲ್ಲಿ ಮತ್ತೆ ಎರಡನೇ ಸ್ಥಾನ. ಗ್ರೇಡ್ ರೇಸ್ ಗೆಲುವು ಅವಳಿಗೆ ಒಲಿಯಲಿಲ್ಲ.