ಹಾರ್ಟ್ಸ್ ಆಫ್ ಐರನ್ 4: ಸರಬರಾಜಿನ ನಕ್ಷೆಯನ್ನು ಮೊದಲು ಓದುವುದು

ಹಾರ್ಟ್ಸ್ ಆಫ್ ಐರನ್ 4 ಎರಡನೇ ಮಹಾಯುದ್ಧವನ್ನು ಕುರಿತ ಕಂಪ್ಯೂಟರ್ ಆಟ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಇದನ್ನು 2016ರ ಜೂನ್ 6ರಂದು, ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ತಾರೀಖಿನಂದೇ, ಬಿಡುಗಡೆ ಮಾಡಿತು. ಆಟವನ್ನು 1936ರ ಜನವರಿ 1ರಿಂದ ಅಥವಾ 1939ರ ಆಗಸ್ಟ್ 14ರಿಂದ ಆರಂಭಿಸಬಹುದು. ಇಲ್ಲಿ ನಾವು ಒಬ್ಬ ಸೈನಿಕನ ಪಾತ್ರ ವಹಿಸುವುದಿಲ್ಲ. ಒಂದು ದೇಶದ ಕಾರ್ಖಾನೆ, ಸೇನೆ, ರೈಲು ಮತ್ತು ರಾಜತಂತ್ರ ಎಲ್ಲವೂ ನಮ್ಮ ಕೈಯಲ್ಲಿರುತ್ತವೆ. ಹೊಸಬರು ಸಾಮಾನ್ಯವಾಗಿ ಟ್ಯಾಂಕುಗಳನ್ನೂ ದಾಳಿಯ ಬಾಣಗಳನ್ನೂ ನೋಡುತ್ತಾ ಕುಳಿತು, ಸೋತ ಮೇಲೆ ಕಾರಣ ತಿಳಿಯದೆ ಆಟವನ್ನೇ ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಈ ಆಟದ ಸಂತೋಷ ತೆರೆದುಕೊಳ್ಳುವುದು ಸರಬರಾಜಿನ ನಕ್ಷೆಯನ್ನು ಓದಲು ಕಲಿತ ಮೇಲೆಯೇ.

ಕಲಿಕೆಗೆ ಇಟಲಿ ಒಳ್ಳೆಯ ಆಯ್ಕೆ. ಆಟದ ಪಾಠಭಾಗವೂ ಇಟಲಿಯಿಂದಲೇ ಶುರುವಾಗುತ್ತದೆ. ಇಥಿಯೋಪಿಯಾದ ಮೇಲಿನ ಯುದ್ಧ 1935ರ ಅಕ್ಟೋಬರ್ 3ರಂದೇ ಆರಂಭವಾಗಿದ್ದರಿಂದ, 1936ರ ಮೊದಲ ದಿನವೇ ನಮ್ಮ ಮುಂದೆ ಒಂದು ಚಿಕ್ಕ ರಣರಂಗ ಸಿದ್ಧವಾಗಿರುತ್ತದೆ: ಉತ್ತರದಲ್ಲಿ ಎರಿಟ್ರಿಯಾ, ದಕ್ಷಿಣದಲ್ಲಿ ಸೋಮಾಲಿಯಾ, ನಡುವೆ ರಸ್ತೆಗಳಿಲ್ಲದ ಬೆಟ್ಟಸಾಲು. ಒಂದೇ ಕಣಿವೆಗೆ ಹೆಚ್ಚು ಡಿವಿಷನ್‌ಗಳನ್ನು, ಅಂದರೆ ಸಾವಿರಾರು ಸೈನಿಕರ ದಳಗಳನ್ನು, ತುಂಬಿದರೆ ಅವು ಬಲಗೊಳ್ಳುವ ಬದಲು ಹಸಿವಿನಿಂದ ಸೊರಗುತ್ತವೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಆ ಯುದ್ಧದಲ್ಲಿ ಇಟಲಿ ವಿಷಾನಿಲವನ್ನು ಬಳಸಿತ್ತು. ಚಕ್ರವರ್ತಿ ಹೈಲೆ ಸೆಲಾಸಿ 1936ರ ಜೂನ್ 30ರಂದು ಜಿನೀವಾದಲ್ಲಿ ರಾಷ್ಟ್ರಸಂಘದ ಮುಂದೆ ನಿಂತು ಅದನ್ನು ಜಗತ್ತಿಗೆ ಹೇಳಿದರು. ಆಟದ ನಕ್ಷೆಯಲ್ಲಿ ಇದು ಕಾಣುವುದಿಲ್ಲವಾದ್ದರಿಂದ ಆಡುವವರು ಇತಿಹಾಸವನ್ನು ಬೇರೆಯಾಗಿ ಓದಿಕೊಳ್ಳಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈಗಿನ ಸರಬರಾಜು ವ್ಯವಸ್ಥೆ 2021ರ ನವೆಂಬರಿನಲ್ಲಿ, ನೋ ಸ್ಟೆಪ್ ಬ್ಯಾಕ್ ವಿಸ್ತರಣೆಯ ಜೊತೆಗೆ ಬಂದದ್ದು. ಸಾಮಗ್ರಿ ರಾಜಧಾನಿಯಿಂದ ರೈಲು ಮಾರ್ಗದ ಮೂಲಕ ಸರಬರಾಜು ಕೇಂದ್ರಗಳಿಗೆ ತಲುಪಿ, ಅಲ್ಲಿಂದ ಸುತ್ತಲಿನ ಪ್ರದೇಶಕ್ಕೆ ಹರಡುತ್ತದೆ. ಕೇಂದ್ರದಿಂದ ದೂರ ಹೋದಷ್ಟೂ, ಕಾಡು, ಬೆಟ್ಟ, ಹೊಳೆಗಳು ಅಡ್ಡ ಬಂದಷ್ಟೂ ಅದು ಕ್ಷೀಣಿಸುತ್ತದೆ. ಕೇಂದ್ರಕ್ಕೆ ಲಾರಿಗಳನ್ನು ಒದಗಿಸಿದರೆ ಅದರ ವ್ಯಾಪ್ತಿ ಹಿಗ್ಗುತ್ತದೆ, ಆದರೆ ಆ ಲಾರಿಗಳನ್ನೂ ರೈಲು ಎಂಜಿನುಗಳನ್ನೂ ಬಂದೂಕು ತಯಾರಿಸುವ ಸೇನಾ ಕಾರ್ಖಾನೆಗಳೇ ತಯಾರಿಸಬೇಕು. ಮಾರ್ಗ ನಡುವೆ ಎಲ್ಲಿ ತುಂಡಾದರೂ ಮುಂದಿನ ಕೇಂದ್ರಕ್ಕೆ ರಾಜಧಾನಿಯ ಸಾಮಗ್ರಿ ತಲುಪುವುದಿಲ್ಲ.

ಇದನ್ನು ತಿಳಿದ ಮೇಲೆ 1941ರ ಜೂನ್ 22ರ ಜರ್ಮನ್ ದಾಳಿಯನ್ನು ಆಡಿ ನೋಡಬೇಕು. ಸೋವಿಯತ್ ನೆಲ ಪೂರ್ವಕ್ಕೆ ಹೋದಂತೆ ಆಲಿಕೆಯ ಬಾಯಿಯ ಹಾಗೆ ಅಗಲವಾಗುತ್ತದೆ. ಗಡಿಯಲ್ಲಿ ಒತ್ತೊತ್ತಾಗಿ ನಿಂತಿದ್ದ ಡಿವಿಷನ್‌ಗಳು ಸ್ಮೊಲೆನ್ಸ್ಕ್ ದಾಟುವ ಹೊತ್ತಿಗೆ ವಿರಳವಾಗುತ್ತವೆ, ರೈಲು ಮಾರ್ಗಗಳೂ ವಿರಳವಾಗುತ್ತವೆ. ನಿಜವಾದ ಯುದ್ಧದಲ್ಲಿ ಇನ್ನೊಂದು ತೊಡಕೂ ಇತ್ತು: ಸೋವಿಯತ್ ಹಳಿಗಳ ಅಂತರ 1,524 ಮಿಲಿಮೀಟರ್, ಜರ್ಮನಿಯದು 1,435. ಈ 89 ಮಿಲಿಮೀಟರ್ ವ್ಯತ್ಯಾಸದಿಂದಾಗಿ ಜರ್ಮನ್ ರೈಲುಗಳು ಮುಂದೆ ಹೋಗಬೇಕಾದರೆ ಹಳಿಗಳನ್ನೇ ಸರಿಸಿ ಕೂಡಿಸಬೇಕಾಗಿತ್ತು. ಯಂತ್ರಸೇನೆಯೆಂದು ಹೆಸರಾದ ಆ ಪಡೆಯೊಡನೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು ಎಂಬುದನ್ನು ನೆನೆದರೆ ಲಾರಿಯ ಬೆಲೆ ಅರ್ಥವಾಗುತ್ತದೆ.

ಉತ್ಪಾದನೆಯ ಬಗ್ಗೆ ಒಂದೇ ಮಾತು: ಕಾರ್ಖಾನೆಯ ಒಂದು ಉತ್ಪಾದನಾ ಸಾಲಿನಲ್ಲಿ ಅದೇ ವಸ್ತುವನ್ನು ಮುಂದುವರಿಸಿದಷ್ಟೂ ದಕ್ಷತೆ ಏರುತ್ತದೆ, ಬೇರೆ ವಸ್ತುವಿಗೆ ತಿರುಗಿಸಿದೊಡನೆ ಕುಸಿಯುತ್ತದೆ. ಬ್ರಿಟಿಷ್ ಆಳ್ವಿಕೆಯ ಭಾರತವನ್ನು ಆಡಬಯಸುವವರಿಗೆ ಜನಬಲ ಧಾರಾಳವಾಗಿಯೂ ಕಾರ್ಖಾನೆಗಳು ತೀರ ಕಡಿಮೆಯಾಗಿಯೂ ಇರುವುದರಿಂದ ಈ ನಿಯಮ ಇನ್ನೂ ಬಿಗಿಯಾಗಿ ತಾಗುತ್ತದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ್ದು ಆ ಯುದ್ಧದ ಕಾಲದಲ್ಲೇ, 1940ರ ಡಿಸೆಂಬರಿನಲ್ಲಿ.

ಅಭ್ಯಾಸಕ್ಕಾಗಿ ಇತರ ದೇಶಗಳು ಇತಿಹಾಸದಂತೆಯೇ ನಡೆಯುವ ಐತಿಹಾಸಿಕ ನಡೆಯ ಆಯ್ಕೆಯನ್ನು ಚಾಲೂ ಮಾಡಿ, ಬೇಕಾದಲ್ಲಿ ಆಟವನ್ನು ಉಳಿಸಿ ಹಿಂದಿರುಗಲು ಬಿಡದ ಐರನ್‌ಮ್ಯಾನ್ ವಿಧಾನವನ್ನು ಬಿಟ್ಟು, ಜರ್ಮನಿಯಾಗಿ ಆಡುತ್ತಾ 1941ರ ಜೂನ್ ತನಕ ಬಂದು ಆಟವನ್ನು ಉಳಿಸಿಕೊಳ್ಳಿ. ಒಮ್ಮೆ ನಿಲ್ಲದೆ ಮಾಸ್ಕೋದತ್ತ ನುಗ್ಗಿ; ಮತ್ತೊಮ್ಮೆ ಅದೇ ಬಿಂದುವಿನಿಂದ ಆರಂಭಿಸಿ, ಪ್ರತಿಯೊಂದು ಸರಬರಾಜು ಕೇಂದ್ರ ಕೈಗೆ ಬಂದಾಗಲೂ ಸ್ಪೇಸ್ ಬಾರ್ ಒತ್ತಿ ಕಾಲವನ್ನು ನಿಲ್ಲಿಸಿ, ಹಿಂದಿನ ಹಳಿ ರಾಜಧಾನಿಯವರೆಗೆ ಕೂಡಿಕೊಂಡಿದೆಯೇ ಎಂದು ನೋಡಿದ ಮೇಲೆಯೇ ಹೆಜ್ಜೆಯಿಡಿ. ಎರಡೂ ಬಾರಿ ಡಿಸೆಂಬರ್ 5ರಂದು, ಸೋವಿಯತ್ ಸೇನೆ ಮಾಸ್ಕೋದ ಮುಂದೆ ನಿಜವಾಗಿ ಪ್ರತಿದಾಳಿ ಆರಂಭಿಸಿದ ದಿನದಂದು, ನಿಲ್ಲಿಸಿ, ನಿಮ್ಮ ಮುಂಚೂಣಿಯ ಎಷ್ಟು ಡಿವಿಷನ್‌ಗಳ ಮೇಲೆ ಸರಬರಾಜಿಲ್ಲವೆಂಬ ಗುರುತು ಬಿದ್ದಿದೆಯೆಂದು ಎಣಿಸಿ ಬರೆದಿಟ್ಟುಕೊಳ್ಳಿ.